ಆಫೀಸಿನಲ್ಲಿ ನೀವು ನೀವಾಗಿರುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯ ದುಡಿಯುವ ಹೆಣ್ಣುಮಕ್ಕಳಿಗೆ ಒಂದು ಮಾರ್ಗದರ್ಶಿ

ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇದೆ. ಬೀದರ್‌ನ ನರ್ಸ್ ಕೇಳುತ್ತಾರೆ, ಯಾದಗಿರಿಯ ಬ್ಯಾಂಕ್ ಉದ್ಯೋಗಿ ಕೇಳುತ್ತಾರೆ, ಕಲಬುರಗಿಯ ಅತಿಥಿ ಉಪನ್ಯಾಸಕಿ ಕೇಳುತ್ತಾರೆ: "ಮನ್ಯಾಗ ಒಂದ್ ಥರ, ಆಫೀಸ್ನ್ಯಾಗ ಒಂದ್ ಥರ ಇದ್ದು ಸಾಕಾಗ್ಯದ್ರಿ. ನಾನು ನಾನಾಗೇ ಇದ್ದು ಕೆಲಸ ಮಾಡ್ಲಾಕ ಆಗಲ್ಲೇನ್ರಿ?"

ಆಗುತ್ತದೆ. ಆದರೆ ಮೊಬೈಲ್ ವಿಡಿಯೋಗಳಲ್ಲಿ ಬರುವ "ಧೈರ್ಯವಾಗಿರಿ, ಯಾರನ್ನೂ ಕೇರ್ ಮಾಡಬೇಡಿ" ಎಂಬ ಸಲಹೆ ನಮ್ಮ ಕಡೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಊರಿನಲ್ಲಿ ಆಫೀಸಿನ ಮಾತು ಆಫೀಸಿನಲ್ಲೇ ಉಳಿಯುತ್ತದೆ. ಇಲ್ಲಿ ಬೆಳಿಗ್ಗೆ ಮೀಟಿಂಗಿನಲ್ಲಿ ನೀವು ಆಡಿದ ಮಾತು ಸಂಜೆಗೆ ನಿಮ್ಮ ಮಾವನವರ ಕಿವಿಗೆ ಬಿದ್ದಿರುತ್ತದೆ. ಮ್ಯಾನೇಜರ್ ನಿಮ್ಮ ಅಣ್ಣನ ಕ್ಲಾಸ್‌ಮೇಟ್ ಆಗಿರುತ್ತಾರೆ. ಜೊತೆಗೆ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳ ಕೆಲಸ ಕಾಯಂ ಅಲ್ಲ. ಮುಂದಿನ ವರ್ಷ ಆದೇಶ ಬರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರಿಗೆ ಧೈರ್ಯದ ಭಾಷಣ ಮಾಡುವುದು ಸುಲಭ. ಅದರ ಬೆಲೆ ಕೊಡಬೇಕಾದವರು ಅವರೇ.

ಹಾಗಾಗಿ ಇಲ್ಲಿ ಹೇಳುವುದು ಹಂತಹಂತವಾಗಿ ಮಾಡುವ ಕೆಲಸ. ನೀವಾಗಿರುವುದು ಅಂದರೆ ನಿಮ್ಮ ಎಲ್ಲಾ ಸಂಗತಿ ಎಲ್ಲರಿಗೂ ಹೇಳುವುದು ಅಂತ ತಿಳಿಯಬೇಡಿ. ಮುಚ್ಚಿಡುವುದಕ್ಕೆ, ನಟಿಸುವುದಕ್ಕೆ ದಿನಾ ಖರ್ಚಾಗುವ ಶಕ್ತಿಯನ್ನು ಕಡಿಮೆ ಮಾಡುವುದಷ್ಟೇ ಗುರಿ. ಎಲ್ಲಿ ಬಿಚ್ಚಿಕೊಳ್ಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ತೀರ್ಮಾನ ನಿಮ್ಮದೇ ಆಗಿರಬೇಕು, ಭಯದ್ದಲ್ಲ.

ಶುರು ಮಾಡುವ ಮೊದಲು ಬೇಕಾದವು

ಮನೆಯಲ್ಲಿಡುವ ಒಂದು ಸಣ್ಣ ನೋಟ್‌ಬುಕ್. ನಿಮ್ಮ ನೇಮಕಾತಿ ಆದೇಶ ಅಥವಾ ಆಫರ್ ಲೆಟರಿನ ಪ್ರತಿ. ಆಫೀಸಿನ ಕಂಪ್ಯೂಟರಿಗೆ ಸಂಬಂಧವಿಲ್ಲದ, ನಿಮ್ಮದೇ ಆದ ಇಮೇಲ್ ವಿಳಾಸ, ಅದರ ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರಬೇಕು. ಮತ್ತೆ ನಿಮ್ಮ ಆಫೀಸಿನವರಲ್ಲದ, ನಿಮ್ಮ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಒಬ್ಬ ಮನುಷ್ಯ. ಕೊನೆಯದು ಸಿಗುವುದು ಜಾಸ್ತಿ ಕಷ್ಟ. ಸಿಗುವವರೆಗೆ ಮೊದಲ ಮೂರು ಹಂತ ಒಬ್ಬರೇ ಮಾಡಬಹುದು.

1. ಎಲ್ಲಿ ನಟಿಸುತ್ತಿದ್ದೀರಿ ಎಂದು ಪತ್ತೆ ಹಚ್ಚಿ

ಒಂದು ವಾರ ಏನನ್ನೂ ಬದಲಿಸಬೇಡಿ. ರಾತ್ರಿ ಮಲಗುವ ಮೊದಲು ಎರಡು ಸಾಲು ಬರೆಯಿರಿ: ಇವತ್ತು ಎಲ್ಲಿ ನನಗೆ ಅನ್ನಿಸಿದ್ದು ಒಂದು, ನಾನು ಮಾಡಿದ್ದು ಇನ್ನೊಂದು?

ಉದಾಹರಣೆಗೆ ಇಂಥವು ಬರುತ್ತವೆ. ಸಾಹೇಬರ ಕೆಟ್ಟ ಜೋಕಿಗೆ ನಕ್ಕೆ. ಎಕ್ಸೆಲ್ ನನಗೆ ಚೆನ್ನಾಗಿ ಬರುತ್ತಿದ್ದರೂ ಪಕ್ಕದವರಿಗೆ ಬೇಜಾರಾದೀತೆಂದು ಹೇಳಲಿಲ್ಲ. ಮಗುವಿಗೆ ಜ್ವರ ಇತ್ತು, ನನಗೇ ತಲೆನೋವು ಅಂತ ರಜೆ ಬರೆದೆ. ಮುಂಬಡ್ತಿ ಬೇಕು, ಆದರೆ "ನಮಗ್ಯಾಕ್ರಿ ಅದೆಲ್ಲ" ಅಂದೆ. ಡಬ್ಬಿಯಲ್ಲಿ ಏನು ತಂದಿದ್ದೇನೆ ಅಂತ ಮುಚ್ಚಿಟ್ಟುಕೊಂಡು ತಿಂದೆ. ಜಾತಿ ಕೇಳಿದರು, ಮಾತು ಮರೆಸಿದೆ.

ವಾರದ ಕೊನೆಗೆ ಅವನ್ನು ಮೂರು ಗುಂಪು ಮಾಡಿ. ಮೊದಲನೆಯದು, ಇನ್ನು ಮುಂದೆ ಬಿಟ್ಟುಕೊಡಲಾರೆ ಎನ್ನುವಂಥವು. ಎರಡನೆಯದು, ಹೊಂದಿಕೊಂಡರೆ ನಷ್ಟವಿಲ್ಲದಂಥವು. ಮೂರನೆಯದು, ಯಾರಿಗೂ ಹೇಳಬೇಕಾಗಿಲ್ಲದಂಥವು. ಜಾತಿ, ಮದುವೆ, ಮಕ್ಕಳಾಗದ ವಿಚಾರ, ಗಂಡನ ಸಂಬಳ, ಇವು ಮೂರನೇ ಗುಂಪಿನಲ್ಲಿದ್ದರೆ ನೀವು ನಟಿಸುತ್ತಿದ್ದೀರಿ ಅಂತಲ್ಲ. ಅದು ನಿಮ್ಮ ಸ್ವಂತ ವಿಷಯ. ಮೊದಲ ಗುಂಪಿನಲ್ಲಿ ಎರಡು ಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ದಡ ಹತ್ತುವುದಿಲ್ಲ.

ಎಚ್ಚರಿಕೆ: ತಡವಾಗಿ ಬರುವುದು, ಫೈಲು ಬಾಕಿ ಇಡುವುದು, ಕಿರಿಯರ ಮೇಲೆ ರೇಗುವುದು, ಇವನ್ನು "ನನ್ನ ಸ್ವಭಾವವೇ ಹೀಗೆ" ಎಂಬ ಲೆಕ್ಕಕ್ಕೆ ಸೇರಿಸಬೇಡಿ. ಅವು ಸರಿ ಮಾಡಿಕೊಳ್ಳಬೇಕಾದ ತಪ್ಪುಗಳು.

2. ನಿಮ್ಮ ಕಾಲ ಕೆಳಗಿನ ನೆಲ ಎಷ್ಟು ಗಟ್ಟಿ ಎಂದು ನೋಡಿ

ಎಷ್ಟು ಗಟ್ಟಿಯಾಗಿ ಮಾತಾಡಬಹುದು ಎನ್ನುವುದು ನಿಮ್ಮ ಧೈರ್ಯಕ್ಕಿಂತ ನಿಮ್ಮ ನೇಮಕಾತಿ ಆದೇಶದ ಮೇಲೆ ನಿಂತಿದೆ. ಇದನ್ನು ಒಪ್ಪಿಕೊಳ್ಳಲು ಕಷ್ಟ, ಆದರೆ ಖರೆ.

ಕಾಯಂ ನೌಕರಿ ಇದ್ದವರಿಗೆ ನಿಯಮಗಳ ಬಲ ಇದೆ. ಪ್ರೊಬೇಷನ್‌ನಲ್ಲಿ ಇರುವವರು, ಅಂದರೆ ಕಾಯಂ ಮಾಡುವ ಮೊದಲು ನಿಮ್ಮ ಕೆಲಸ ನೋಡುವ ಅವಧಿಯಲ್ಲಿ ಇರುವವರು, ಎಲ್ಲವನ್ನೂ ಬರಹದಲ್ಲಿ ಇಟ್ಟುಕೊಂಡು ಮೆಲ್ಲಗೆ ಹೆಜ್ಜೆ ಇಡಿ. ಹೊರಗುತ್ತಿಗೆಯಲ್ಲಿದ್ದರೆ ನಿಮ್ಮ ಸಂಬಳ ಕೊಡುವವರು ಆಫೀಸಿನ ಸಾಹೇಬರಲ್ಲ, ಏಜೆನ್ಸಿ. ಅದರ ಹೆಸರು, ವಿಳಾಸ, ನಿಮ್ಮ ಒಪ್ಪಂದದ ಪ್ರತಿ ನಿಮ್ಮ ಬಳಿ ಇದೆಯೇ? ಬಹಳ ಜನರ ಬಳಿ ಇರುವುದಿಲ್ಲ. ಮೊದಲು ಅದನ್ನು ತರಿಸಿಕೊಳ್ಳಿ.

ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೆ ನಿಮ್ಮ ಯುಎಎನ್ ಕೇಳಿ ಪಡೆಯಿರಿ. ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ ಅದು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ಹಣ ನಿಜವಾಗಿ ಜಮೆ ಆಗುತ್ತಿದೆಯೇ ನೋಡಿ. ಇಎಸ್‌ಐ ಹಿಡಿಯುತ್ತಿದ್ದರೆ ಆ ಕಾರ್ಡ್ ಕೂಡ ಕೇಳಿ. ಅದು ದುಡಿಯುವವರ ಆರೋಗ್ಯ ವಿಮೆ. ಕಲಬುರಗಿಯಲ್ಲಿ ಸೇಡಂ ರಸ್ತೆಯಲ್ಲೇ ಅದರ ದೊಡ್ಡ ಆಸ್ಪತ್ರೆ ಇದೆ.

ಇನ್ನೊಂದು ಮಾತು. ನಮ್ಮ ಕಡೆಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ "371ಜೆ ಕೋಟಾದಾಗ ಬಂದಾಕಿ" ಎಂಬ ಚುಚ್ಚುಮಾತು ಬರುತ್ತದೆ. ಇದನ್ನು ಕೇಳಿ ಕೇಳಿ ಎಷ್ಟೋ ಜನ ತಮ್ಮ ಯೋಗ್ಯತೆಯ ಮೇಲೇ ಅನುಮಾನ ಪಡುತ್ತಾರೆ. 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಮಾಡಿ ಈ ಭಾಗಕ್ಕೆ ಕೊಟ್ಟ ವಿಶೇಷ ಸ್ಥಾನಮಾನ ಅದು. ಯಾರ ಶಿಫಾರಸೂ ಅಲ್ಲ. ಆ ಮೀಸಲಾತಿಯಲ್ಲೂ ನೀವು ಪರೀಕ್ಷೆ ಬರೆದು, ಪೈಪೋಟಿ ಮಾಡಿಯೇ ಬಂದಿದ್ದೀರಿ. ಮುಚ್ಚಿಡಬೇಕಾದ ವಿಷಯವೇ ಅಲ್ಲ ಅದು.

3. ನಿಮ್ಮ ಮಾತನ್ನು ವಾಪಸ್ ತನ್ನಿ

ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ. ನಮ್ಮ ಹೆಣ್ಣುಮಕ್ಕಳು ಅತಿ ಹೆಚ್ಚು ನಟಿಸುವುದು ಇಲ್ಲೇ.

ಬೆಂಗಳೂರಿನ ಹೆಡ್ ಆಫೀಸಿನಿಂದ ಫೋನ್ ಬಂದ ತಕ್ಷಣ ದನಿ ಬದಲಾಗುತ್ತದೆ. "ಮಾಡ್ಲತ್ತೀನ್ರಿ" ಎನ್ನುವವರು "ಮಾಡ್ತಾ ಇದ್ದೀನಿ ಸರ್" ಎನ್ನುತ್ತಾರೆ. ಅದೇನೂ ತಪ್ಪಲ್ಲ. ಆದರೆ ಮಾತಿನ ಧಾಟಿ ಸರಿ ಮಾಡಿಕೊಳ್ಳುವುದರಲ್ಲೇ ಗಮನ ಹೋಗಿ, ಹೇಳಬೇಕಾದ ವಿಷಯ ಅರ್ಧಕ್ಕೆ ನಿಂತರೆ ಅದು ನಷ್ಟ. ಸಂದರ್ಶನದಲ್ಲಿ ಆಗುವುದೂ ಇದೇ.

ಹೀಗೆ ಮಾಡಿ ನೋಡಿ. ಬರೆಯುವುದು ಪುಸ್ತಕದ ಕನ್ನಡದಲ್ಲಿರಲಿ: ಟಿಪ್ಪಣಿ, ಪತ್ರ, ವರದಿ, ಇಮೇಲ್. ಅದು ಎಲ್ಲರಿಗೂ ಸಲ್ಲುವ ಆಫೀಸಿನ ರೂಢಿ. ಮಾತು ನಿಮ್ಮದೇ ಇರಲಿ. ಎದುರಿಗಿರುವವರಿಗೆ ಅರ್ಥವಾಗದ ಪದ ಬಂದರೆ ಅದೊಂದನ್ನು ಬದಲಿಸಿ, ಇಡೀ ದನಿಯನ್ನಲ್ಲ. ಮೊದಮೊದಲು ನಿಮ್ಮ ವಿಭಾಗದ ಒಳಗಿನ ಸಣ್ಣ ಮೀಟಿಂಗಿನಲ್ಲಿ ಹೀಗೆ ಮಾತಾಡಿ. ಆಮೇಲೆ ದೊಡ್ಡ ಮೀಟಿಂಗಿಗೆ ಹೋಗಿ. ವಿಡಿಯೋ ಮೀಟಿಂಗ್ ಇದ್ದರೆ ಮೊದಲ ವಾಕ್ಯವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮೊದಲ ವಾಕ್ಯ ಸರಾಗವಾಗಿ ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

"ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ, ಸಾರಿ" ಎಂದು ಮಾತು ಶುರು ಮಾಡಬೇಡಿ. ಯಾರೂ ಗಮನಿಸದ ತಪ್ಪನ್ನು ನೀವೇ ತೋರಿಸಿಕೊಟ್ಟ ಹಾಗೆ ಆಗುತ್ತದೆ. ತಿಳಿಯದ ಪದ ಬಂದರೆ "ಇದನ್ನು ಕನ್ನಡದಲ್ಲಿ ಹೇಳುತ್ತೇನೆ" ಎಂದು ಹೇಳಿ ಮುಂದೆ ಹೋಗಿ.

ಯಾರಾದರೂ ನಿಮ್ಮ ಮಾತನ್ನು ಅಣಕಿಸಿದರೆ? ಮೊದಲ ಸಲ ನಗುತ್ತಲೇ, ಆದರೆ ಕಣ್ಣಿಟ್ಟು ನೋಡುತ್ತ ಹೇಳಿ: "ನಾ ಹಿಂಗೇ ಮಾತಾಡ್ತೀನ್ರಿ. ಕೆಲಸದಾಗ ಏನರ ತಪ್ಪಿದ್ರ ಹೇಳ್ರಿ." ಎರಡನೇ ಸಲ ಅವರನ್ನು ಪಕ್ಕಕ್ಕೆ ಕರೆದು, ನಗದೆ, ಇದು ನನಗೆ ಹಿಡಿಸುವುದಿಲ್ಲ ಎಂದು ಹೇಳಿ. ಮೂರನೇ ಸಲಕ್ಕೆ ಮೇಲಿನವರಿಗೆ ಬರೆದು ತಿಳಿಸಿ. ಮೂರನೇ ಸಲದವರೆಗೆ ಹೋಗುವುದು ಕಡಿಮೆ.

ನಿಮಗೆ ಬರುವ ಭಾಷೆಗಳನ್ನು ಬಯೋಡೇಟಾದಲ್ಲಿ ಬರೆಯಿರಿ. ಬೀದರ್‌ನಲ್ಲಿ ಬೆಳೆದವರಿಗೆ ಕನ್ನಡದ ಜೊತೆ ಉರ್ದು, ಮರಾಠಿ, ಸ್ವಲ್ಪ ತೆಲುಗು ಬಂದುಬಿಟ್ಟಿರುತ್ತದೆ. ಮನೆಯಲ್ಲಿ, ಸಂತೆಯಲ್ಲಿ ಕಲಿತದ್ದು ಅಂತ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಗಡಿಭಾಗದ ಅಜ್ಜಿಯೊಬ್ಬರ ಮಾತು ಅರ್ಥವಾಗುವವರು ಎಷ್ಟು ಜನ ಇದ್ದಾರೆ ಹೇಳಿ? ಇದು ಕೌಶಲ. ಸಂದರ್ಶನದಲ್ಲಿ ಕೇಳದಿದ್ದರೂ ಹೇಳಿ.

ಕರೆಯುವ ರೀತಿಯೂ ಮಾತಿಗೇ ಸೇರಿದ್ದು. ಒಂದೇ ಹುದ್ದೆಯಲ್ಲಿರುವ ಗಂಡಸಿಗೆ "ಸರ್", ನಿಮಗೆ ಮಾತ್ರ "ಅಕ್ಕಾ" ಅಥವಾ ಬರೀ ಹೆಸರು. ನನ್ನ ಅಭಿಪ್ರಾಯ ಇದು: ಹಳ್ಳಿಯಿಂದ ಕೆಲಸಕ್ಕೆ ಬಂದವರು, ಅಟೆಂಡರ್ ಪ್ರೀತಿಯಿಂದ ಅಕ್ಕ ಅಂದರೆ ಅಡ್ಡಿಯಿಲ್ಲ. ಮೀಟಿಂಗಿನಲ್ಲಿ ಸರಿಸಮಾನರು ಹಾಗೆ ಕರೆದರೆ ತಡೆಯಿರಿ. "ಎಲ್ಲಾರಿಗೂ ಸರ್ ಅಂತೀರಿ, ನನಗೂ ಮೇಡಂ ಅನ್ರಿ" ಎಂದರೆ ಸಾಕು, ವಿವರಣೆ ಬೇಡ.

ಎಚ್ಚರಿಕೆ: "ನಮ್ದು ಖಡಕ್ ಮಾತು, ಕಲಬುರಗಿ ಮಂದಿ ನಾವು" ಎಂದು ಹೇಳಿಕೊಂಡು ಒರಟಾಗಿ ನಡೆದುಕೊಳ್ಳುವವರೂ ಇದ್ದಾರೆ. ಎಲ್ಲರಿಗೂ ರೀ ಹಚ್ಚಿ ಮಾತಾಡುವ ಊರು ನಮ್ಮದು. ಒರಟುತನಕ್ಕೆ ಊರಿನ ಹೆಸರು ಹಾಕಬೇಡಿ.

4. ಉಡುಪು ಮತ್ತು ಹೆಸರು

ಸೀರೆಯೋ, ಚೂಡಿದಾರೋ, ಬುರ್ಖಾನೋ, ಕುಂಕುಮ ಇಡಬೇಕೋ ಬೇಡವೋ, ಬಳೆ ಯಾಕೆ ಹಾಕಿಲ್ಲ, ಗಂಡ ತೀರಿಹೋದ ಮೇಲೆ ಬಣ್ಣದ ಸೀರೆ ಯಾಕೆ? ಆಫೀಸಿನಲ್ಲಿ ಎಲ್ಲರಿಗೂ ಇದರ ಬಗ್ಗೆ ಅಭಿಪ್ರಾಯ ಇರುತ್ತದೆ. ನೀವು ಕೇಳಬೇಕಾದದ್ದು ಒಂದೇ: "ಉಡುಪಿನ ಬಗ್ಗೆ ಲಿಖಿತ ನಿಯಮ ಇದ್ದರೆ ತೋರಿಸಿ." ಇದ್ದರೆ ಓದಿ, ಪಾಲಿಸಿ ಅಥವಾ ಬರೆದು ಪ್ರಶ್ನಿಸಿ. ಇಲ್ಲದಿದ್ದರೆ ಅದು ಬರೀ ಅವರ ಅಭಿಪ್ರಾಯ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ ಹೆಲ್ಮೆಟ್, ಸುರಕ್ಷತಾ ಶೂ, ಕಟ್ಟಿದ ಕೂದಲು ಇವೆಲ್ಲ ಜೀವದ ಪ್ರಶ್ನೆ. ಅಲ್ಲಿ ವಾದ ಬೇಡ. ಆದರೆ ನನ್ನ ಅಳತೆಯ ಶೂ, ನನ್ನ ಅಳತೆಯ ಕೋಟು ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಗಂಡಸರ ಅಳತೆಯದನ್ನು ಹಾಕಿಕೊಂಡು ಎಡವುತ್ತ ಓಡಾಡುವುದು ಸುರಕ್ಷತೆಯೂ ಅಲ್ಲ.

ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಎಂಬ ಕಾನೂನು ಇಲ್ಲ. ಇದನ್ನು ಮದುವೆಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ಬದಲಿಸುವುದಾದರೆ ಪೂರ್ತಿ ಬದಲಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಮತ್ತೊಂದು ಇದ್ದರೆ ಪಿಎಫ್ ತೆಗೆಯುವಾಗ, ದಾಖಲೆ ಪರಿಶೀಲನೆ ವೇಳೆ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ಸರ್ಕಾರಿ ನೌಕರರು ಸೇವಾ ಪುಸ್ತಕದಲ್ಲಿ, ಅಂದರೆ ನಿಮ್ಮ ನೌಕರಿಯ ಪೂರ್ತಿ ಇತಿಹಾಸ ಇರುವ ದಾಖಲೆಯಲ್ಲಿ, ಯಾವ ಹೆಸರಿದೆ ಎಂದು ಒಮ್ಮೆ ನೋಡಿಬಿಡಿ.

5. ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು ಇರಲಿ

ವರದಿ ನೀವು ತಯಾರಿಸುತ್ತೀರಿ, ಓದುವವರು ಬೇರೆ. ಸಲಹೆ ನೀವು ಕೊಡುತ್ತೀರಿ, ಹತ್ತು ನಿಮಿಷದ ನಂತರ ಅದನ್ನೇ ಇನ್ನೊಬ್ಬರು ಜೋರು ದನಿಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ. ಪರಿಚಿತವೇ ಅಲ್ವಾ?

ಮೀಟಿಂಗಿಗೆ ಹೋಗುವ ಮೊದಲು ಹೇಳಬೇಕಾದ ಒಂದೇ ಒಂದು ವಿಷಯ ಬರೆದುಕೊಳ್ಳಿ. ಮೀಟಿಂಗ್ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಹೇಳಿಬಿಡಿ. ಕಾದಷ್ಟೂ ಬಾಯಿ ಕಟ್ಟುತ್ತದೆ. ನಿಮ್ಮ ಮಾತನ್ನು ಇನ್ನೊಬ್ಬರು ತಮ್ಮದಾಗಿಸಿಕೊಂಡರೆ ಜಗಳ ಬೇಡ. "ನಾನು ಆಗಲೇ ಹೇಳಿದ್ದನ್ನ ಸರ್ ಒಪ್ಪಿದ್ದು ಛಲೋ ಆಯ್ತು. ಅದಕ್ಕ ಇನ್ನೊಂದು ಸೇರಿಸ್ತೀನಿ" ಎನ್ನಿ. ಮೀಟಿಂಗ್ ಮುಗಿದ ಮೇಲೆ ಎರಡು ಸಾಲಿನ ಇಮೇಲ್ ಹಾಕಿ: ಇಂದು ನಾನು ಕೊಟ್ಟ ಸಲಹೆಯಂತೆ ಈ ಕೆಲಸ ಇಂಥ ದಿನದೊಳಗೆ ಮುಗಿಸುತ್ತೇನೆ. ಇಮೇಲ್ ಇಲ್ಲದ ಆಫೀಸಾದರೆ ಟಿಪ್ಪಣಿ ಬರೆದು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಆಮೇಲೆ ಚಹಾ, ಹೂಗುಚ್ಛ, ರಂಗೋಲಿ, ಸ್ವಾಗತಗೀತೆ. ಕಾರ್ಯಕ್ರಮ ಇದ್ದ ದಿನ ಇವು ತಾವಾಗಿಯೇ ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ನಿಮಗೆ ರಂಗೋಲಿ ಹಾಕುವುದು ನಿಜಕ್ಕೂ ಇಷ್ಟವಾದರೆ ಸಂತೋಷವಾಗಿ ಹಾಕಿ, ಅದೂ ನೀವೇ. ಇಷ್ಟವಿಲ್ಲದಿದ್ದರೆ "ಪಾಳಿ ಹಚ್ಚೋಣ್ರಿ, ಈ ಸಲ ನಾನು ಮಾಡ್ತೀನಿ, ಮುಂದಿನ ಸಲ ನೀವು" ಎಂದು ಹೇಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಮಾರ್ಚ್ 8ರಂದು ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮನ ಹೆಸರು ಹೇಳದ ಭಾಷಣವೇ ಇಲ್ಲ. ಆ ಭಾಷಣ ಮುಗಿದ ಮೇಲೆ ಕುರ್ಚಿ, ಪ್ಲೇಟು ಎತ್ತುವವರು ಯಾರು ಅಂತ ಒಮ್ಮೆ ಗಮನಿಸಿ.

ಸಂಬಳದ ಮಾತು ಬಂದಾಗ "ನೀವೇ ನೋಡಿ ಕೊಡ್ರಿ" ಎನ್ನಬೇಡಿ. ಖಾಸಗಿ ಕಂಪನಿಯಾದರೆ ಅದೇ ಹುದ್ದೆಗೆ ಊರಿನಲ್ಲಿ ಏನು ಕೊಡುತ್ತಾರೆ ಎಂದು ಮೊದಲೇ ವಿಚಾರಿಸಿ, ಒಂದು ಮೊತ್ತ ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ಮಧ್ಯದ ಮೌನ ತುಂಬಲು ನಾವೇ ಮೊತ್ತ ಇಳಿಸಿಬಿಡುತ್ತೇವೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದು ಕಾನೂನಿನಲ್ಲಿ ತಪ್ಪು. ಈ ನಿಯಮ 1976ರಿಂದಲೂ ಇದೆ. ಬೇಳೆ ಮಿಲ್ಲಿನಿಂದ ಹಿಡಿದು ಇಂಜಿನಿಯರ್ ಆಫೀಸಿನವರೆಗೆ ಎಲ್ಲರಿಗೂ ಅನ್ವಯ.

6. ಮನೆಯವರಿಗೆ ಮೊದಲು ನಿಮ್ಮಿಂದಲೇ ಗೊತ್ತಾಗಲಿ

ನಮ್ಮ ಊರುಗಳಲ್ಲಿ ಈ ಹಂತ ಬಿಟ್ಟರೆ ಉಳಿದ ಹಂತಗಳು ನಿಲ್ಲುವುದಿಲ್ಲ. ಸುದ್ದಿ ಹೇಗೂ ಮನೆ ಮುಟ್ಟುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಯಾರೋ ಸಿಕ್ಕು "ನಿಮ್ಮ ಸೊಸಿ ಆಫೀಸ್ನ್ಯಾಗ ಸಾಹೇಬ್ರಿಗೇ ಎದುರು ಮಾತಾಡಿದಳಂತ" ಎಂದು ಹೇಳುವ ಮೊದಲು ನೀವೇ ಹೇಳಿಬಿಡಿ. ಏನಾಯಿತು, ನೀವು ಏನು ಹೇಳಿದಿರಿ, ಯಾಕೆ. ಚಿಕ್ಕದಾಗಿ, ಕ್ಷಮೆ ಕೇಳುವ ದನಿಯಿಲ್ಲದೆ. ಅತ್ತೆಯವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ನಿಮ್ಮ ಪರ ನಿಲ್ಲಬಹುದು. ಹೊಲದಲ್ಲಿ, ಮಿಲ್ಲಿನಲ್ಲಿ ದುಡಿದವರಿಗೆ ಸಾಹೇಬರೆಂದರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಸಮಯದ ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು ರೂಢಿ. ಅಂದರೆ ರೊಟ್ಟಿ ಬಡಿಯುವ ಹೊತ್ತಿಗೆ ನೀವು ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಏಪ್ರಿಲ್ ಬರುವ ಮೊದಲೇ ಮನೆಯಲ್ಲಿ ಕುಳಿತು ಯಾರು ಏನು ಮಾಡಬೇಕು ಎಂದು ಗೊತ್ತು ಮಾಡಿಕೊಳ್ಳಿ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಹಾಗಾಗಿ "ಬಸ್ಸಿನ ಖರ್ಚಿಗೇ ಸಂಬಳ ಹೋಗ್ತದ, ಮನ್ಯಾಗಿರು" ಎಂಬ ಮಾತಿಗೆ ಈಗ ಅಷ್ಟು ತೂಕವಿಲ್ಲ.

ದುಡ್ಡಿನ ವಿಚಾರ ನೇರವಾಗಿ ಹೇಳುತ್ತೇನೆ. ಸಂಬಳ ನಿಮ್ಮ ಹೆಸರಿನ ಖಾತೆಗೆ ಬರಲಿ. ಎಟಿಎಂ ಕಾರ್ಡ್ ನಿಮ್ಮ ಪರ್ಸಿನಲ್ಲಿರಲಿ, ಪಿನ್ ನಿಮ್ಮ ತಲೆಯಲ್ಲಿರಲಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ. ಮನೆ ಖರ್ಚಿಗೆ ಎಷ್ಟು ಬೇಕಾದರೂ ಕೊಡಿ, ಆದರೆ ಕೊಡುವ ಕೈ ನಿಮ್ಮದಾಗಿರಲಿ. ಆಫೀಸಿನಲ್ಲಿ ಎಷ್ಟೇ ಗಟ್ಟಿಯಾಗಿ ಮಾತಾಡಿದರೂ, ಒಂದು ಪುಸ್ತಕ ಕೊಳ್ಳಲು ಮನೆಯಲ್ಲಿ ಕೈ ಚಾಚಬೇಕಾದರೆ ಎಲ್ಲಿಯ ಸ್ವಂತಿಕೆ?

7. ಮೈಯ ವಿಚಾರ ಮುಚ್ಚಿಡುವುದನ್ನು ಕಡಿಮೆ ಮಾಡಿ

ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲದ ಸುಸ್ತು, ಇವುಗಳ ಬಗ್ಗೆ ಸುಳ್ಳು ಹೇಳಿ ರಜೆ ಹಾಕುವುದು ನಮಗೆ ಅಭ್ಯಾಸವಾಗಿದೆ. ವಿವರ ಹೇಳಬೇಕಾಗಿಲ್ಲ. "ಆರೋಗ್ಯದ ಕಾರಣ" ಎಂದರೆ ಸಾಕು, ಅದು ಸುಳ್ಳೂ ಅಲ್ಲ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಸಿಗಬೇಕು. ಅದಕ್ಕೆ ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಹೆಚ್ಚು ನೌಕರರಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಅಂದರೆ ಕ್ರೆಷ್, ಇರಬೇಕು. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಸರ್ಕಾರಿ ನೌಕರರಿಗೆ ಬೇರೆ ನಿಯಮಗಳಿವೆ, ಮಕ್ಕಳ ಆರೈಕೆ ರಜೆಯೂ ಇದೆ. ನಿಮ್ಮ ಆಡಳಿತ ಶಾಖೆಯಲ್ಲಿ ಕೇಳಿ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ತಂದಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿಯೂ ಇದ್ದಾರೆ. ಅರ್ಜಿ ಹಾಕುವ ಮೊದಲು ನಿಮ್ಮ ಸಂಸ್ಥೆಯ ಈಗಿನ ಸುತ್ತೋಲೆ ಓದಿ.

ಸಂದರ್ಶನದಲ್ಲಿ "ಮದುವೆ ಯಾವಾಗ? ಮಕ್ಕಳು ಯಾವಾಗ?" ಎಂದು ಕೇಳಿದರೆ ಹೀಗೆನ್ನಬಹುದು: "ಈ ಕೆಲಸಕ್ಕೆ ಬೇಕಾದ ಸಮಯ ಕೊಡೋದಕ್ಕೆ ನಾನು ತಯಾರಿದ್ದೀನಿ. ಕೆಲಸದ ಬಗ್ಗೆ ಕೇಳ್ರಿ." ಸುಳ್ಳು ವಾಗ್ದಾನ ಕೊಡಬೇಡಿ. ಮೂರು ವರ್ಷ ಮದುವೆ ಆಗಲ್ಲ ಎಂದು ಹೇಳಿ, ಆಮೇಲೆ ಮದುವೆ ಕಾರ್ಡು ಹಂಚುವಾಗ ನೀವೇ ಮುಜುಗರ ಪಡುತ್ತೀರಿ.

8. ಕಿರುಕುಳವಾದರೆ ದಾರಿ ಬೇರೆ

ಮೇಲಿನ ಹಂತಗಳೆಲ್ಲ ಹೊಂದಾಣಿಕೆ, ಮಾತುಕತೆಯವು. ಮೈ ಮುಟ್ಟುವುದು, ಅಶ್ಲೀಲ ಮಾತು ಅಥವಾ ಮೆಸೇಜು, "ನನ್ನ ಮಾತು ಕೇಳಿದ್ರೆ ರಿನ್ಯೂವಲ್ ಮಾಡಿಸ್ತೀನಿ" ಎನ್ನುವುದು, ಇವಕ್ಕೆ ಮಾತುಕತೆ ಅಲ್ಲ, ಕಾನೂನು ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಈ ಕಾನೂನು ಕಾಯಂ, ಗುತ್ತಿಗೆ, ತರಬೇತಿ, ಮನೆಗೆಲಸ ಎಲ್ಲರಿಗೂ ಅನ್ವಯ.

ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಆಫೀಸಿನೊಳಗೇ ದೂರು ಕೇಳುವ ಸಮಿತಿ ಅದು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು, ಕನಿಷ್ಠ ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳು, ಒಬ್ಬರು ಹೊರಗಿನವರು. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು.

ಘಟನೆ ಆದ ಅದೇ ದಿನ ದಿನಾಂಕ, ಸಮಯ, ಜಾಗ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಡಿ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ದೂರಿನ ಆರು ಪ್ರತಿ, ಜೊತೆಗೆ ಸಾಕ್ಷಿಗಳ ಹೆಸರು, ವಿಳಾಸ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ಸಮಯದಲ್ಲಿ ನನ್ನನ್ನೋ ಅವರನ್ನೋ ಬೇರೆ ಕಡೆ ಹಾಕಿ, ಅಥವಾ ನನಗೆ ರಜೆ ಕೊಡಿ ಎಂದು ಬರೆದು ಕೇಳಬಹುದು. ದೂರು ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಸುಳ್ಳು ದೂರು ಎಂದು ಶಿಕ್ಷಿಸುವಂತಿಲ್ಲ. ಈ ಭಯ ಹುಟ್ಟಿಸಿಯೇ ಎಷ್ಟೋ ದೂರು ತಡೆಯುತ್ತಾರೆ.

ತುರ್ತು ಇದ್ದರೆ 112. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ಹೇಳುತ್ತಾರೆ.

ಎಚ್ಚರಿಕೆ: ಹಿರಿಯರು ಕೂತು "ಕೂಡಿಸಿ ಬಿಡೋಣ" ಎನ್ನುತ್ತಾರೆ. ರಾಜಿ ಬೇಕೋ ಬೇಡವೋ ನೀವು ಮಾತ್ರ ಹೇಳಬೇಕು. ಅದೂ ಸಮಿತಿಯ ಮೂಲಕ, ಬರಹದಲ್ಲಿ. ದುಡ್ಡು ಕೊಟ್ಟು ರಾಜಿ ಮಾಡುವುದಕ್ಕೆ ಈ ಕಾನೂನಿನಲ್ಲಿ ಅವಕಾಶವೇ ಇಲ್ಲ.

9. ಜೊತೆಗಾರರು ಬೇಕು, ಬಿಡುವ ದಾರಿಯೂ ಗೊತ್ತಿರಬೇಕು

ನಿಮ್ಮ ಆಫೀಸಿನಲ್ಲಿ ಹೆಣ್ಣುಮಕ್ಕಳು ಇಬ್ಬರೇ ಇದ್ದರೆ, ಆ ಇಬ್ಬರ ನಡುವೆ ಹಚ್ಚಿಕೊಟ್ಟು ನೋಡುವವರು ನಾಲ್ಕು ಜನ ಇರುತ್ತಾರೆ. "ಆಕಿ ನಿನ್ನ ಬಗ್ಗೆ ಹಿಂಗಂದಳು" ಎಂಬ ಮಾತು ಬಂದರೆ ನೇರವಾಗಿ ಅವರನ್ನೇ ಕೇಳಿ. ಊಟದ ಹೊತ್ತಿನಲ್ಲಿ ಒಟ್ಟಿಗೆ ಕೂರುವುದು, ಒಬ್ಬರು ಮೀಟಿಂಗಿನಲ್ಲಿ ಮಾತಾಡಿದಾಗ ಇನ್ನೊಬ್ಬರು "ಮೇಡಂ ಹೇಳಿದ್ದು ಸರಿ ಅದ" ಎನ್ನುವುದು, ಇಷ್ಟು ಸಾಕು. ನಿಮಗಿಂತ ಕಿರಿಯಳು ಸೇರಿದಾಗ ಅವಳ ಮಾತಿನ ಧಾಟಿಗೆ ನಗಬೇಡಿ.

ಇಷ್ಟೆಲ್ಲ ಮಾಡಿದರೂ ಕೆಲವು ಆಫೀಸು ಬದಲಾಗುವುದಿಲ್ಲ. ಆರೋಗ್ಯ ಕೆಡುತ್ತಿದ್ದರೆ ಬಿಡುವುದು ಸೋಲಲ್ಲ. ಆದರೆ ಸಿಟ್ಟಿನಲ್ಲಿ ಬಿಡಬೇಡಿ. ಇನ್ನೊಂದು ಕೆಲಸದ ಆಫರ್ ಲೆಟರ್ ಕೈಗೆ ಬಂದ ಮೇಲೆ, ಒಪ್ಪಂದದಲ್ಲಿರುವ ನೋಟಿಸ್ ಅವಧಿ, ಅಂದರೆ ಮೊದಲೇ ತಿಳಿಸಬೇಕಾದ ದಿನಗಳು, ನೋಡಿಕೊಂಡು ರಾಜೀನಾಮೆ ಬರೆಯಿರಿ. ರಾಜೀನಾಮೆಯಲ್ಲಿ ಮೂರು ಸಾಲು ಸಾಕು, ದೂರಿನ ಪಟ್ಟಿ ಬೇಡ. ದೂರು ಇದ್ದರೆ ಅದಕ್ಕೆ ಬೇರೆ ಪತ್ರ. ಐಡಿ ಕಾರ್ಡ್, ಕೀಲಿ, ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ. ಅನುಭವ ಪತ್ರ, ಬಿಡುಗಡೆ ಪತ್ರ, ಕೊನೆಯ ಸಂಬಳದ ಚೀಟಿ ಈ ಮೂರೂ ಕೈಗೆ ಬರುವವರೆಗೆ ಫಾಲೋಅಪ್ ಬಿಡಬೇಡಿ. "ಆಮ್ಯಾಲ ಕಳಿಸ್ತೀವ್ರಿ" ಅಂದರೆ ಯಾವ ದಿನ ಎಂದು ಕೇಳಿ, ಆ ದಿನಾಂಕವನ್ನು ಅವರ ಎದುರೇ ಬರೆದುಕೊಳ್ಳಿ. ಹಳೆಯ ಪಿಎಫ್ ಖಾತೆಯ ಹಣವನ್ನು ಹೊಸ ಕೆಲಸಕ್ಕೆ ವರ್ಗಾಯಿಸಲು ಅದೇ ಯುಎಎನ್ ಕೊಡಿ. ಹೊಸದೊಂದು ಮಾಡಿಸಲು ಹೇಳಿದರೆ ಒಪ್ಪಬೇಡಿ.